ಹವಾಯಿಯ ದೊಡ್ಡ ದ್ವೀಪದಲ್ಲಿ ಆರು ರಾತ್ರಿ: ಲಾವಾ ಕಾಣಿಸುತ್ತದೆಯೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಸಕಲೇಶಪುರದಿಂದ ನನ್ನ ಅತ್ತೆ, ಮಾವ ಬಂದಿದ್ದಾರೆ. ಬರುವ ಏಪ್ರಿಲ್‌ನಲ್ಲಿ ಮಕ್ಕಳ ರಜೆಗೆ ಎಲ್ಲರೂ ಸೇರಿ ಹವಾಯಿಯ ದೊಡ್ಡ ದ್ವೀಪಕ್ಕೆ ಹೋಗಿ ಆರು ರಾತ್ರಿ ಇದ್ದು ಬರಬೇಕೆಂದಿದ್ದೇವೆ. ಮಾವನವರಿಗೆ 71 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿದೆ, ಅತ್ತೆಯವರಿಗೆ ಮಂಡಿನೋವು. ಮಗನಿಗೆ 12, ಮಗಳಿಗೆ 6. ಕೆಂಪಗೆ ಹರಿಯುವ ಲಾವಾ ಸಮುದ್ರಕ್ಕೆ ಬೀಳುವುದನ್ನು ನೋಡಬೇಕೆಂಬುದು ಎಲ್ಲರ ಆಸೆ. ಕೋನಾದ ಕಡಲತೀರದ ಹೋಟೆಲಿನಲ್ಲಿದ್ದುಕೊಂಡು ಒಂದು ದಿನ ಜ್ವಾಲಾಮುಖಿಗೆ, ಒಂದು ದಿನ ಮೌನಾ ಕೇಯಾ ಶಿಖರಕ್ಕೆ ಹೋಗಿ ಬರುವ ಯೋಚನೆಯಿದೆ. ಇದು ಸರಿಯಾದ ಯೋಜನೆಯೇ? ಬೇರೆ ಏನೇನು ನೋಡಬಹುದು?

ಉತ್ತರ: ಮೊದಲು ನಿರಾಸೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಲಾವಾ ಸಮುದ್ರಕ್ಕೆ ಬೀಳುವ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಡಿ. ನೀವು ನೋಡಿರುವ ಅಂಥ ಚಿತ್ರಗಳು 2018ರವು ಅಥವಾ ಅದಕ್ಕಿಂತ ಹಿಂದಿನವು. ಕಿಲಾವೇಯಾ ಜ್ವಾಲಾಮುಖಿಯ ಪೂರ್ವ ಮಗ್ಗುಲಿನಲ್ಲಿ 1983ರ ಜನವರಿ 3ರಂದು ಬಾಯ್ದೆರೆದ ಪೂʻಊ ಓʻಓ ಎಂಬ ದಿಬ್ಬವು 2018ರ ಏಪ್ರಿಲ್‌ವರೆಗೆ, ಅಂದರೆ ಮೂವತ್ತೈದು ವರ್ಷ, ನಡುನಡುವೆ ಬಿಡುವು ಕೊಟ್ಟು ಲಾವಾ ಸುರಿಸುತ್ತಲೇ ಇತ್ತು. ಆ ಹರಿವು ಹಲವು ಬಾರಿ ಕಡಲನ್ನು ಮುಟ್ಟಿತು. 2018ರ ಮೇ ತಿಂಗಳಲ್ಲಿ ಅದೇ ಶಿಲಾರಸ ಇನ್ನೂ ಕೆಳಗೆ, ಪೂನಾ ಪ್ರದೇಶದ ಬಡಾವಣೆಗಳ ನಡುವೆಯೇ ನೆಲ ಸೀಳಿಕೊಂಡು ಬಂದು, 24 ಬಿರುಕುಗಳಿಂದ ಉಕ್ಕಿ, ಏಳುನೂರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಅದಾದ ಮೇಲೆ ಕಿಲಾವೇಯಾದ ಸ್ಫೋಟಗಳು ಹೆಚ್ಚಾಗಿ ಅದರ ನೆತ್ತಿಯ ಮೇಲಿರುವ ಹಲೆಮಾವುಮಾವು ಎಂಬ ಕುಳಿಯೊಳಗೇ ನಡೆದಿವೆ. ಕಡಲು ಅಲ್ಲಿಂದ ಬಹಳ ದೂರ.

ಇನ್ನು ಆಸೆ ಹುಟ್ಟಿಸುವ ಮಾತು. 2024ರ ಡಿಸೆಂಬರ್ 23ರಂದು ಆ ಕುಳಿಯಲ್ಲಿ ಆರಂಭವಾದ ಸ್ಫೋಟವು 2025ರುದ್ದಕ್ಕೂ ಕಂತುಕಂತಾಗಿ ಮುಂದುವರಿಯಿತು. ಒಂದೊಂದು ಕಂತಿನಲ್ಲೂ ಲಾವಾ ಕಾರಂಜಿಯಂತೆ ಚಿಮ್ಮುತ್ತದೆ. ಕೆಲವು ಬಾರಿ 300 ಮೀಟರಿಗೂ ಮೇಲೆ ಹೋಗಿದೆ. ಆದರೆ ಬಹುತೇಕ ಕಂತುಗಳು ಒಂದು ದಿನದೊಳಗೆ ಮುಗಿದುಹೋಗುತ್ತವೆ, ನಡುವೆ ಹಲವು ದಿನಗಳ, ಕೆಲವೊಮ್ಮೆ ಎರಡು ವಾರಗಳ ಬಿಡುವು ಇರುತ್ತದೆ. ಬಿಡುವಿನ ದಿನಗಳಲ್ಲಿ ಹೋದವರಿಗೆ ಕಾಣುವುದು ಹೊಗೆಯಾಡುವ ಕಪ್ಪು ಬಯಲು, ಅದೃಷ್ಟವಿದ್ದರೆ ಕತ್ತಲಲ್ಲಿ ಕಂಡಿಯ ಬಾಯಿಂದ ಒಂದಿಷ್ಟು ಕೆಂಪು. ನಾನೇ ಒಮ್ಮೆ ಕಾರಂಜಿ ನಿಂತ ಆರು ಗಂಟೆಗಳ ನಂತರ ಕುಳಿಯ ಅಂಚಿಗೆ ತಲುಪಿ, ಹಿಂದಿನ ರಾತ್ರಿಯ ಚಿತ್ರಗಳನ್ನು ಪಕ್ಕದವರ ಫೋನಿನಲ್ಲಿ ನೋಡಿ ಹಿಂತಿರುಗಿದ್ದೇನೆ. ಬಂಡೆಗಳ ಅಧ್ಯಯನದಲ್ಲಿ ಅರ್ಧ ಆಯುಷ್ಯ ಕಳೆದವನಿಗೂ ಆ ಕುಳಿ ಯಾವ ರಿಯಾಯಿತಿಯನ್ನೂ ತೋರಲಿಲ್ಲ.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟು: ಲಾವಾವನ್ನು ಕರೆಯದೆ ಬರಬಹುದಾದ ಅತಿಥಿ ಎಂದುಕೊಳ್ಳಿ, ಅದು ಬಂದರೆ ಬಾಗಿಲ ಬಳಿಯೇ ಇರುವಂತೆ ನಿಮ್ಮ ವಸತಿಯನ್ನು ಇಟ್ಟುಕೊಳ್ಳಿ, ಅದು ಬಾರದಿದ್ದರೂ ತುಂಬಿರುವಂತೆ ನಿಮ್ಮ ದಿನಗಳನ್ನು ಹೊಂದಿಸಿಕೊಳ್ಳಿ. ಕೋನಾದಿಂದ ಜ್ವಾಲಾಮುಖಿ ಉದ್ಯಾನಕ್ಕೆ ಸುಮಾರು 150 ಕಿಲೋಮೀಟರ್. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ. ಲಾವಾದ ಕೆಂಪು ಚೆನ್ನಾಗಿ ಕಾಣುವುದು ಸಂಜೆಗತ್ತಲ ಮೇಲೆ ಅಥವಾ ಬೆಳಗಿನ ಜಾವ. ಮಂಡಿನೋವಿನವರನ್ನೂ ಆರು ವರ್ಷದ ಮಗುವನ್ನೂ ಕೂರಿಸಿಕೊಂಡು ಮಧ್ಯರಾತ್ರಿ ಬೆಟ್ಟದ ರಸ್ತೆಯಲ್ಲಿ ಕೋನಾಕ್ಕೆ ಮರಳುವುದು ಪ್ರವಾಸವಲ್ಲ, ಶಿಕ್ಷೆ. ಕೋನಾದಲ್ಲಿ ಇಳಿದ ದಿನವೇ ದ್ವೀಪ ದಾಟಿ, ಉದ್ಯಾನದ ಬಾಗಿಲಿಗೆ ಅಂಟಿಕೊಂಡಿರುವ ವಾಲ್ಕೇನೋ ಎಂಬ ಹಳ್ಳಿಯಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದು ನಾಲ್ಕು ರಾತ್ರಿ ಇರಿ. ಕಡೆಯ ಎರಡು ರಾತ್ರಿಗಳನ್ನು ಕೋನಾಕ್ಕೆ ಇಟ್ಟುಕೊಳ್ಳಿ. ಹಳ್ಳಿಯಲ್ಲಿ ಮನೆ ಸಿಗದಿದ್ದರೆ 48 ಕಿಲೋಮೀಟರ್ ದೂರದ ಹಿಲೋ ಪಟ್ಟಣವೂ ಆದೀತು, ಮುಕ್ಕಾಲು ಗಂಟೆಯ ದಾರಿ. ಒಂದು ಎಚ್ಚರಿಕೆ: ಈಸ್ಟರ್ ಭಾನುವಾರದಿಂದ ಆರಂಭವಾಗುವ ವಾರ ಹಿಲೋದಲ್ಲಿ ಮೆರಿ ಮೊನಾರ್ಕ್ ಎಂಬ ದೊಡ್ಡ ಹುಲಾ ನೃತ್ಯೋತ್ಸವ ನಡೆಯುತ್ತದೆ. ಆ ವಾರಕ್ಕೆ ಅಲ್ಲಿನ ಕೋಣೆಗಳನ್ನು ಜನರು ಬಹಳ ಮುಂಚೆಯೇ ಕಾದಿರಿಸಿರುತ್ತಾರೆ. ನಿಮ್ಮ ತಾರೀಖು ಆ ವಾರಕ್ಕೆ ಬೀಳುತ್ತದೆಯೇ ಎಂದು ಇಂದೇ ನೋಡಿಕೊಳ್ಳಿ.

ಹೊರಡುವ ಮುನ್ನ ಎರಡು ವಾರದಿಂದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದ ದಿನದ ವರದಿಯನ್ನು ಓದುತ್ತಿರಿ. 1912ರಲ್ಲಿ ಆರಂಭವಾದ ಈ ಸಂಸ್ಥೆಯು ಕಿಲಾವೇಯಾದ ನಾಡಿ ಹಿಡಿದುಕೊಂಡೇ ಕೂತಿದೆ. ಒಳಗಿನ ಕೋಣೆಯಲ್ಲಿ ಶಿಲಾರಸ ತುಂಬುತ್ತಿದ್ದಂತೆ ಬೆಟ್ಟದ ನೆತ್ತಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಉಬ್ಬುತ್ತದೆ, ಕಾರಂಜಿ ಚಿಮ್ಮಿದೊಡನೆ ತಗ್ಗುತ್ತದೆ. ಈ ಏರಿಳಿತವನ್ನು ಅಳೆಯುವ ಉಪಕರಣಗಳಿಂದ ಮುಂದಿನ ಕಂತು ಯಾವ ದಿನಗಳ ನಡುವೆ ಬರಬಹುದೆಂದು ಅವರು ಅಂದಾಜು ಹೇಳುತ್ತಾರೆ. ಕುಳಿಯ ಅಂಚಿನ ಕ್ಯಾಮೆರಾಗಳ ನೇರ ಪ್ರಸಾರವೂ ಇದೆ. ಒಲೆಯ ಮೇಲಿನ ಹಾಲು ಯಾವಾಗ ಉಕ್ಕೀತೆಂದು ಕಾಯುವವರ ಹಾಗೆ ಅದನ್ನು ನೋಡುತ್ತ ಕೂರುವ ಕೆಲಸವನ್ನು ನಿಮ್ಮ ಮಗನಿಗೆ ಒಪ್ಪಿಸಿಬಿಡಿ.

ಈಗ, ಲಾವಾ ಬಾರದಿದ್ದರೂ ನೋಡಲು ಏನಿದೆ ಎಂಬ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ವಿಮಾನ ನೆಲ ಮುಟ್ಟಿದ ಕ್ಷಣದಲ್ಲೇ ಸಿಗುತ್ತದೆ. ಕೋನಾ ವಿಮಾನ ನಿಲ್ದಾಣವನ್ನು ಕಟ್ಟಿರುವುದೇ ಹುವಾಲಾಲಾಯಿ ಜ್ವಾಲಾಮುಖಿಯಿಂದ 1801ರಲ್ಲಿ ಹರಿದು ಬಂದ ಲಾವಾದ ಮೇಲೆ. ಓಡುದಾರಿಯ ಎರಡೂ ಬದಿಗೆ ಉತ್ತು ಬಿಟ್ಟ ಹೊಲದಂತೆ ಕಾಣುವ ಕಪ್ಪು ಹೆಂಟೆಗಳು ಆ ಹರಿವಿನವೇ. ಈ ದ್ವೀಪದ ನೀರ ಮೇಲಿನ ಭಾಗ ಐದು ಜ್ವಾಲಾಮುಖಿಗಳು ಸೇರಿ ಆದದ್ದು: ಉತ್ತರದಲ್ಲಿ ಕೊಹಾಲಾ, ನಡುವೆ ಮೌನಾ ಕೇಯಾ, ಪಶ್ಚಿಮಕ್ಕೆ ಹುವಾಲಾಲಾಯಿ, ದಕ್ಷಿಣವನ್ನೆಲ್ಲ ಆವರಿಸಿರುವ ಮೌನಾ ಲೋವಾ, ಆಗ್ನೇಯಕ್ಕೆ ಕಿಲಾವೇಯಾ. ಭೂಮಿಯ ಒಳಗೆ ಒಂದೆಡೆ ನಿಂತಿರುವ ಬಿಸಿಯ ಸೆಲೆಯ ಮೇಲೆ ಪೆಸಿಫಿಕ್ ಫಲಕವು, ಅಂದರೆ ಆ ಸಾಗರವನ್ನು ಹೊತ್ತ ಭೂಚಿಪ್ಪಿನ ತುಂಡು, ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ವಾಯವ್ಯಕ್ಕೆ ಜಾರುತ್ತಿರುವುದರಿಂದ ಉತ್ತರದವು ಮುದುಕಾಗಿ ದಕ್ಷಿಣದವು ಎಳೆಯವಾಗಿವೆ. ಕೊಹಾಲಾಗೆ ಸುಮಾರು ಹತ್ತು ಲಕ್ಷ ವರ್ಷ. ಮಳೆ ಅದನ್ನು ಆಳವಾದ ಹಸಿರು ಕಣಿವೆಗಳಾಗಿ ಕಡಿದಿದೆ. ಮೌನಾ ಕೇಯಾ ಕೊನೆಯ ಬಾರಿ ಕೆರಳಿದ್ದು ಸುಮಾರು 4,500 ವರ್ಷಗಳ ಹಿಂದೆ. ಮೌನಾ ಲೋವಾ 1984ರ ನಂತರ 2022ರ ನವೆಂಬರ್ 27ರ ರಾತ್ರಿ ಮತ್ತೆ ಎದ್ದು, ದ್ವೀಪವನ್ನು ಅಡ್ಡ ಹಾಯುವ ಹೆದ್ದಾರಿಗೆ ಮೂರು ಕಿಲೋಮೀಟರಿಗಿಂತ ಕಡಿಮೆ ದೂರದವರೆಗೆ ಲಾವಾ ಕಳಿಸಿತು. ಕಿಲಾವೇಯಾದ ಮಾತು ಹೇಳಿಯಾಯಿತು. ಅದರಾಚೆ ಕಡಲೊಳಗೆ, ಅಲೆಗಳಿಂದ ಸುಮಾರು ಒಂದು ಕಿಲೋಮೀಟರ್ ಕೆಳಗೆ, ಕಾಮಾಎಹುವಾಕನಲೋವಾ ಎಂಬ ಆರನೆಯ ಕೂಸು ಬೆಳೆಯುತ್ತಿದೆ.

ಹೀಗಾಗಿ ಕಾರಿನಲ್ಲಿ ಅರ್ಧ ದಿನ ಸುತ್ತಿದರೆ ನಿನ್ನೆಯ ಕಲ್ಲಿನಿಂದ ಹತ್ತು ಲಕ್ಷ ವರ್ಷದ ಕಲ್ಲಿನವರೆಗೆ ನೋಡಬಹುದು. ಕರಿ ಹೆಂಟೆಯಲ್ಲಿ ಮೊದಲು ಚಿಗುರುವ ಜರೀಗಿಡ, ಆಮೇಲೆ ಕೆಂಪು ಕುಚ್ಚಿನ ಹೂ ಬಿಡುವ ಓಹಿಯಾ ಮರ, ಆಮೇಲೆ ದಟ್ಟ ಕಾಡು, ಕಡೆಗೆ ದನ ಮೇಯುವ ಹುಲ್ಲುಗಾವಲು. ಈ ಸರಣಿಯನ್ನು ಇನ್ನೂ ಮುಂದಕ್ಕೆ ಎಳೆದರೆ ನಮ್ಮೂರೇ ಬರುತ್ತದೆ. ವಿಜಯಪುರ, ಬೀದರಿನ ಕಡೆಯ ಎರೆಮಣ್ಣು 6.6 ಕೋಟಿ ವರ್ಷಗಳ ಹಿಂದೆ ಇದೇ ಬಗೆಯ ಲಾವಾ ಹರಿದು, ಗಟ್ಟಿಯಾಗಿ, ಸವೆದು ಆದದ್ದು. ಗೋಲಗುಮ್ಮಟದ ಕಲ್ಲು ಅದೇ ಕರಿಶಿಲೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಅದಕ್ಕೂ ಹಳೆಯವು, ಸುಮಾರು 8.8 ಕೋಟಿ ವರ್ಷದವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ನಿಮ್ಮ ಮಾವನವರು ಕಲ್ಲನ್ನೂ ಮಣ್ಣನ್ನೂ ನೋಡುತ್ತ ಬಾಳಿದವರಾಗಿದ್ದರೆ ಕಾರಂಜಿ ಕಾಣದ ದಿನವೂ ಅವರಿಗೆ ಬೇಸರವಾಗದು.

ಉದ್ಯಾನದ ವಿಚಾರ. 1916ರಲ್ಲಿ ಸ್ಥಾಪನೆಯಾದ ಹವಾಯಿ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ ಹಗಲೂ ರಾತ್ರಿ ತೆರೆದಿರುತ್ತದೆ. ಕಾರಿಗೆ 30 ಡಾಲರ್ ಶುಲ್ಕ, ಏಳು ದಿನ ಸಲ್ಲುತ್ತದೆ. ನಾಲ್ಕು ರಾತ್ರಿ ಪಕ್ಕದಲ್ಲೇ ಇರುವುದಕ್ಕೆ ಇದೂ ಒಂದು ಕಾರಣ. ಅತ್ತೆಯವರಿಗೆ ಒದಗುವ ಜಾಗಗಳನ್ನು ಮೊದಲು ಹೇಳುತ್ತೇನೆ. ಕಾರು ನಿಲ್ಲಿಸಿದಲ್ಲಿಯೇ ನೆಲದ ಬಿರುಕುಗಳಿಂದ ಬಿಸಿ ಹಬೆ ಏಳುವ ತಾಣವಿದೆ. ಮಳೆನೀರು ಇಳಿದು ಕಾದ ಬಂಡೆ ಮುಟ್ಟಿ ಆವಿಯಾಗಿ ಮೇಲೆ ಬರುವುದು. ಬೆಳಗಿನ ಚಳಿಯಲ್ಲಿ ಆ ಹಬೆ ಸೊಗಸು. ಡೆವಸ್ಟೇಷನ್ ಟ್ರೇಲ್ ಎಂಬ ಕಾಲುದಾರಿ ನುಣುಪಾಗಿ ಹಾಸಿದ್ದು, ಗಾಲಿಕುರ್ಚಿಯೂ ಸಾಗುತ್ತದೆ. 1959ರಲ್ಲಿ ಮೇಲಿಂದ ಸುರಿದ ಕಲ್ಲುಬೂದಿಯಡಿ ಹೂತುಹೋದ ಕಾಡು ಮತ್ತೆ ತಲೆಯೆತ್ತುತ್ತಿರುವುದನ್ನು ಅಲ್ಲಿ ಕೂತು ನೋಡಬಹುದು. ನಾಹುಕು ಎಂಬ ಲಾವಾ ಸುರಂಗ, ಅಂದರೆ ಮೇಲ್ಪದರ ಗಟ್ಟಿಯಾದ ಮೇಲೆ ಒಳಗಿನ ಲಾವಾ ಹರಿದುಹೋಗಿ ಉಳಿದ ಕೊಳವೆ, ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಆದರೆ ಅಲ್ಲಿ ಮೆಟ್ಟಿಲುಗಳಿವೆ, ನೆಲ ಒದ್ದೆ. ಅತ್ತೆಯವರು ಹೊರಗಿನ ಜರೀಗಿಡಗಳ ನೆರಳಲ್ಲಿ ಉಳಿದರೆ ಒಳ್ಳೆಯದು.

ನೀವು ದಂಪತಿಗಳಲ್ಲಿ ಒಬ್ಬರು ಮಗನನ್ನು ಕರೆದುಕೊಂಡು ತಪ್ಪದೆ ಇಳಿಯಬೇಕಾದ್ದು ಕಿಲಾವೇಯಾ ಇಕಿ ಕುಳಿಗೆ. 1959ರ ನವೆಂಬರ್‌ನಲ್ಲಿ ಇಲ್ಲಿ ಚಿಮ್ಮಿದ ಲಾವಾ ಒಂದು ಹಂತದಲ್ಲಿ 580 ಮೀಟರ್ ಎತ್ತರ ಮುಟ್ಟಿತು. ಕುಳಿಯಲ್ಲಿ ತುಂಬಿದ ಆ ಲಾವಾ ಕೆರೆ ತಳದವರೆಗೆ ಗಟ್ಟಿಯಾಗಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಸುತ್ತಿ ಬರುವ ದಾರಿ ಐದು ಕಿಲೋಮೀಟರಿಗೆ ತುಸು ಹೆಚ್ಚು. ಕಾಡಿನ ನಡುವೆ 120 ಮೀಟರ್ ಇಳಿದು, ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು, ಮತ್ತೆ ಹತ್ತಬೇಕು. ಬೆಳಗ್ಗೆ ಬೇಗ ಹೊರಡಿ, ಮಳೆಯಂಗಿ ಇರಲಿ. ಎರಡು ಬಗೆಯ ಲಾವಾವನ್ನು ಗುರುತಿಸುವುದನ್ನು ಮಗನಿಗೆ ಕಲಿಸಿ: ನುಣ್ಣಗೆ ಹಗ್ಗ ಸುತ್ತಿಟ್ಟಂತೆ ಮಡಿಕೆಬಿದ್ದದ್ದು ಪಾಹೋಯ್‌ಹೋಯ್, ಮುಳ್ಳುಮುಳ್ಳಾಗಿ ಒಡೆದದ್ದು ಆ-ಆ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇಂದು ಬಳಸುವ ಈ ಎರಡು ಪದಗಳೂ ಹವಾಯಿ ಭಾಷೆಯವು. ಎರಡನೆಯದರ ಮೇಲೆ ಬರಿಗಾಲಿನಲ್ಲಿ ನಡೆದವನ ಬಾಯಿಂದ ಹೊರಡುವ ಶಬ್ದವೇ ಅದರ ಹೆಸರು ಎಂದು ಮಕ್ಕಳಿಗೆ ತಮಾಷೆ ಮಾಡುವುದುಂಟು.

ಮತ್ತೊಂದು ದಿನ ಚೈನ್ ಆಫ್ ಕ್ರೇಟರ್ಸ್ ರಸ್ತೆಗೆ. ಸುಮಾರು 30 ಕಿಲೋಮೀಟರಿನಲ್ಲಿ ಬೆಟ್ಟದ ನೆತ್ತಿಯಿಂದ ಕಡಲಂಚಿಗೆ 1,100 ಮೀಟರ್ ಇಳಿಯುವ ಈ ದಾರಿಯಲ್ಲಿ ಸಾಲು ಕುಳಿಗಳಿವೆ, 1969ರಿಂದ 1974ರವರೆಗೆ ಉಕ್ಕಿದ ಮೌನಾ ಊಲೂವಿನ ಕರಿ ಹಾಸು ಇದೆ. ನಡುವೆ ಪೂʻಊ ಲೋವಾ ಎಂಬಲ್ಲಿ ಹವಾಯಿಯ ಮೂಲನಿವಾಸಿಗಳು ಬಂಡೆಯಲ್ಲಿ ಕೊರೆದ 23,000ಕ್ಕೂ ಹೆಚ್ಚು ಗುರುತುಗಳಿವೆ. ಅವುಗಳಲ್ಲಿ ಅನೇಕ ಸಣ್ಣ ಗುಳಿಗಳು. ಕೂಸಿನ ಹೊಕ್ಕುಳಬಳ್ಳಿಯನ್ನು ಇಟ್ಟು ಅದಕ್ಕೆ ದೀರ್ಘಾಯುಷ್ಯ ಬೇಡುತ್ತಿದ್ದ ಜಾಗಗಳವು. ಹೋಗಿಬರಲು ಎರಡು ಕಿಲೋಮೀಟರಿಗೂ ಹೆಚ್ಚು ಉಬ್ಬುತಗ್ಗಿನ ಲಾವಾ ಹಾದಿಯಾದ್ದರಿಂದ ಅತ್ತೆಯವರು ಇಲ್ಲಿಯೂ ಕಾರಿನಲ್ಲಿ ಇರಬೇಕಾದೀತು. ರಸ್ತೆಯ ಕೊನೆಯಲ್ಲಿ ಕಡಲು ಕೊರೆದ ಕಲ್ಲಿನ ಕಮಾನಿದೆ. ಈ ದಾರಿಯಲ್ಲಿ ಕುಡಿಯುವ ನೀರೂ ಇಲ್ಲ, ಪೆಟ್ರೋಲೂ ಇಲ್ಲ. ಮೇಲಿಂದಲೇ ತುಂಬಿಕೊಂಡು ಇಳಿಯಿರಿ.

ಕಾರಂಜಿ ಚಿಮ್ಮುವ ರಾತ್ರಿ ಬಂದೇಬಿಟ್ಟರೆ, ಸಂಜೆಯ ಹೊತ್ತು ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಹಳ್ಳಿಯಲ್ಲೇ ಇರುವ ನೀವು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಿ. ಜನ ಕಡಿಮೆ, ಕತ್ತಲೆ ಗಾಢ. ಉವೆಕಾಹುನಾ ಎಂಬ ಅಂಚಿನಲ್ಲಿ ವಾಹನದಿಂದ ನೋಟದ ಜಾಗಕ್ಕೆ ಕೆಲವೇ ಹೆಜ್ಜೆ, ಹಿರಿಯರಿಗೆ ಅನುಕೂಲ. ಹಿಂದೆ ಅಲ್ಲಿದ್ದ ಜ್ಯಾಗರ್ ವಸ್ತುಸಂಗ್ರಹಾಲಯ ಈಗಿಲ್ಲ. 2018ರಲ್ಲಿ ಬೆಟ್ಟದ ನೆತ್ತಿ ಕುಸಿದಾಗಿನ ಕಂಪನಗಳಿಗೆ ಜಖಂಗೊಂಡ ಆ ಕಟ್ಟಡವನ್ನು ಆಮೇಲೆ ಕೆಡವಿದರು. ಎತ್ತರ ಸುಮಾರು 1,200 ಮೀಟರ್, ಹೆಚ್ಚುಕಡಿಮೆ ಮಡಿಕೇರಿಯಷ್ಟು. ಗಾಳಿ, ಮಳೆ, ಚಳಿ ಮೂರೂ ಕೂಡಿ ಬರುತ್ತವೆ. ಹವಾಯಿ ಎಂದರೆ ಚಡ್ಡಿ, ಚಪ್ಪಲಿ ಎಂದು ತಿಳಿದು ಬಂದವರು ಇಲ್ಲಿ ನಡುಗುತ್ತಾರೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಪ್ರತಿಯೊಬ್ಬರಿಗೂ ಟಾರ್ಚ್ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಮಗಳ ಕೈ ಬಿಡಬೇಡಿ. 2024ರ ಡಿಸೆಂಬರ್ 25ರಂದು, ಸ್ಫೋಟ ಶುರುವಾಗಿ ಎರಡೇ ದಿನಕ್ಕೆ, ಮನೆಯವರ ಕಣ್ಣು ತಪ್ಪಿಸಿ ಓಡಿದ ಪುಟ್ಟ ಮಗುವೊಂದನ್ನು ಅದರ ತಾಯಿ ಕುಳಿಯ ಅಂಚಿನ ತೀರ ಹತ್ತಿರ ಹಿಡಿದುಕೊಂಡರು. ಕೆಳಗೆ 400 ಅಡಿ ಪ್ರಪಾತ. ಉದ್ಯಾನದವರೇ ಇದನ್ನು ಪ್ರಕಟಿಸಿ ಎಚ್ಚರಿಸಿದ್ದರು. ತಡೆಬೇಲಿಯ ಆಚೆಗಿನ ನೆಲ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಿರಬಹುದು.

ಮಾವನವರ ಸ್ಟೆಂಟಿನ ಕಾರಣ ಗಾಳಿಯ ವಿಷಯ ಬಿಡಿಸಿ ಹೇಳಬೇಕು. ಕುಳಿಯಿಂದ ಲಾವಾದೊಡನೆ ಗಂಧಕದ ಡೈಆಕ್ಸೈಡ್ ಅನಿಲ ಅಪಾರವಾಗಿ ಹೊರಬರುತ್ತದೆ. ಅದು ಬಿಸಿಲು, ತೇವಗಳೊಡನೆ ಸೇರಿ ಬೂದುಬಣ್ಣದ ಮಂಜಾಗುತ್ತದೆ. ಇದನ್ನು ಅಲ್ಲಿನವರು ‘ವಾಗ್’ ಎನ್ನುತ್ತಾರೆ. ಹೃದ್ರೋಗಿಗಳು, ಉಬ್ಬಸದವರು, ಗರ್ಭಿಣಿಯರು, ಎಳೆಮಕ್ಕಳು ಇದರಿಂದ ದೂರವಿರಬೇಕು. ಸಾಮಾನ್ಯವಾಗಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವು ಹೊಗೆಯನ್ನು ನೈಋತ್ಯಕ್ಕೆ ತಳ್ಳುತ್ತದೆ, ಆಗ ವಾಲ್ಕೇನೋ ಹಳ್ಳಿ ತಿಳಿಯಾಗಿರುತ್ತದೆ, ವಿಚಿತ್ರವೆಂದರೆ ದೂರದ ಕೋನಾದಲ್ಲೇ ಮಬ್ಬು ಕವಿಯುತ್ತದೆ. ಗಾಳಿ ತಿರುಗಿದ ದಿನ ಲೆಕ್ಕವೂ ತಿರುಗುತ್ತದೆ. ಗಂಟಲು ಕೆರೆದರೆ, ಸುಟ್ಟ ಬೆಂಕಿಕಡ್ಡಿಯ ವಾಸನೆ ಬಂದರೆ, ಕಾರಿನ ಗಾಜು ಏರಿಸಿ, ಹೊರಗಿನ ಗಾಳಿ ಒಳಬಾರದಂತೆ ಎ.ಸಿ. ಹೊಂದಿಸಿ, ಅಲ್ಲಿಂದ ಹೊರಡಿ. ಸಾಮಾನ್ಯ ಬಟ್ಟೆಯ ಮುಖಗವಸು ಅನಿಲವನ್ನು ತಡೆಯುವುದಿಲ್ಲ. ಕಾರಂಜಿಯ ದಿನಗಳಲ್ಲಿ ಪೆಲೆಯ ಕೂದಲು ಎಂದು ಕರೆಯುವ ಗಾಜಿನ ಎಳೆಗಳೂ ಗಾಳಿಯಲ್ಲಿ ತೇಲಿ ಬರುತ್ತವೆ. ಹೊಂಬಣ್ಣದ ಆ ಎಳೆಗಳನ್ನು ಮಕ್ಕಳು ಮುಟ್ಟಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಹೊರಡುವ ಮುನ್ನ ಮಾವನವರ ಹೃದಯತಜ್ಞರಿಗೆ ಈ ಎತ್ತರವನ್ನೂ ಅನಿಲವನ್ನೂ ಹೆಸರಿಸಿ ಕೇಳಿ. ‘ಪ್ರವಾಸ ಹೋಗಬಹುದೇ’ ಎಂದಷ್ಟೇ ಕೇಳಿದರೆ ‘ಹೋಗಿ ಬನ್ನಿ’ ಎಂಬ ಉತ್ತರ ಬರುತ್ತದೆ.

ಪೆಲೆ ಯಾರೆಂದು ಅತ್ತೆಯವರು ಕೇಳಿಯೇ ಕೇಳುತ್ತಾರೆ. ಹವಾಯಿಯವರ ಜ್ವಾಲಾಮುಖಿ ದೇವತೆ ಅವಳು, ಹಲೆಮಾವುಮಾವು ಅವಳ ಮನೆ. ಕೆಡವುವವಳೂ ಅವಳೇ, ನೆಲ ಕಟ್ಟಿಕೊಡುವವಳೂ ಅವಳೇ. ಊರ ಮಾರಮ್ಮನಿಗೆ ನಡೆದುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಳಿಯ ಅಂಚಿನಲ್ಲಿ ಮಂತ್ರ ಹೇಳುತ್ತ ನಿಂತವರು ಕಂಡರೆ ಅವರ ಚಿತ್ರ ತೆಗೆಯದೆ ಸುಮ್ಮನೆ ಸರಿದು ನಿಲ್ಲುವುದು ಮರ್ಯಾದೆ. ಕಲ್ಲು, ಮರಳು ಏನನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿಗೂ ವಿರುದ್ಧ. ಕಲ್ಲು ಒಯ್ದವರಿಗೆ ಪೆಲೆಯ ಶಾಪ ತಟ್ಟುತ್ತದೆ ಎಂಬ ಕತೆ ಈಚಿನ ಕಾಲದ್ದು, ಆದರೂ ಒಯ್ದ ಕಲ್ಲುಗಳನ್ನು ಕ್ಷಮಾಪಣೆಯ ಪತ್ರದೊಡನೆ ಅಂಚೆಯಲ್ಲಿ ಹಿಂದಿರುಗಿಸುವವರು ಇಂದಿಗೂ ಇದ್ದಾರೆ.

ಉಳಿದ ಒಂದು ದಿನವನ್ನು ಪೂನಾ ಪ್ರದೇಶಕ್ಕೆ ಕೊಡಿ. ಬಹಳಷ್ಟು ಪ್ರವಾಸಿಗರು ಇದನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಲಾವಾ ಟ್ರೀ ಎಂಬ ಸಣ್ಣ ಉದ್ಯಾನವಿದೆ. 1790ರ ಸುಮಾರಿಗೆ ಕಾಡಿನ ನಡುವೆ ಹರಿದ ಲಾವಾ ಒದ್ದೆ ಮರಗಳ ಸುತ್ತ ಅಂಟಿ ಗಟ್ಟಿಯಾಗಿ, ಮರ ಸುಟ್ಟುಹೋಗಿ, ಕಲ್ಲಿನ ಕಂಬಗಳು ಉಳಿದಿವೆ. ಹಾಸಿದ ದಾರಿ, ಚಿಕ್ಕ ಸುತ್ತು, ಅತ್ತೆಯವರೂ ನಡೆಯಬಹುದು. ಅಲ್ಲಿಂದ ಪೊಹೊಯಿಕಿಗೆ ಹೋದರೆ ಒಂದು ಕರಿಮರಳಿನ ಕಡಲತೀರ. 2018ರ ಲಾವಾ ಸಮುದ್ರ ಮುಟ್ಟಿ ಸಿಡಿದು ಪುಡಿಯಾದಾಗ ಆದ ಮರಳದು. ದೋಣಿ ಇಳಿಸುತ್ತಿದ್ದ ಕಟ್ಟೆಯ ಬಾಯನ್ನೇ ಅದು ಮುಚ್ಚಿತು. ಆ ತೀರ ನಿಮ್ಮ ಮಗನಿಗಿಂತ ಕಿರಿಯದು ಎಂದು ಅವನಿಗೆ ಹೇಳಿ. ಆ ವರ್ಷ ಲಾವಾ ಆವರಿಸಿದ ನೆಲ ಸುಮಾರು 35 ಚದರ ಕಿಲೋಮೀಟರ್. ಸಮುದ್ರದಿಂದ ಹೊಸದಾಗಿ ಗಳಿಸಿದ್ದು 3.5 ಚದರ ಕಿಲೋಮೀಟರ್. ಇನ್ನೂ ಮುಂದೆ, 1990ರಲ್ಲಿ ಮುಚ್ಚಿಹೋದ ಕಲಪನಾ ಎಂಬ ಊರಿನ ಮೇಲಿನ ಲಾವಾದಲ್ಲಿ ಜನ ಮತ್ತೆ ತೆಂಗು ನೆಟ್ಟಿದ್ದಾರೆ, ಮನೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಕಾಲಿಡುವಾಗ ನೋಡುವ ಜಾಗವೆಂದಲ್ಲ, ಯಾರದೋ ಮನೆಯಂಗಳವೆಂದು ತಿಳಿದು ನಡೆಯಿರಿ.

ಹಿಲೋಗೆ ಅರ್ಧ ದಿನ ಸಾಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಬೆಟ್ಟದ ಆಚೆಗಿನ ಕೋನಾ ತೀರ ಅದರ ಮಳೆನೆರಳಿನಲ್ಲಿದೆ. ಮಲೆನಾಡು ದಾಟಿ ಬಯಲುಸೀಮೆಗೆ ಇಳಿದಂತೆಯೇ. ಊರೊಳಗಿನ ರೇನ್‌ಬೋ ಜಲಪಾತವನ್ನು ಕಾರಿಳಿದಲ್ಲೇ ನೋಡಬಹುದು, ಬೆಳಗಿನ ಬಿಸಿಲಿಗೆ ಕಾಮನಬಿಲ್ಲು ಮೂಡುತ್ತದೆ. ಅಕಾಕಾ ಜಲಪಾತ 135 ಮೀಟರ್, ಚೆಂದ, ಆದರೆ ಮೆಟ್ಟಿಲುಗಳಿವೆ. ಬುಧವಾರ, ಶನಿವಾರ ರೈತರ ಸಂತೆ ತುಂಬಿರುತ್ತದೆ. ಕಡಲಂಚಿನಲ್ಲಿ ಇಷ್ಟು ದೊಡ್ಡ ಹುಲ್ಲುಹಾಸು ಏಕೆ ಖಾಲಿ ಬಿದ್ದಿದೆ ಎಂದು ಅಚ್ಚರಿಯಾದರೆ, 1946 ಮತ್ತು 1960ರ ಸುನಾಮಿಗಳಲ್ಲಿ ಕೊಚ್ಚಿಹೋದ ಬೀದಿಗಳು ಅಲ್ಲಿದ್ದವು ಎಂಬುದೇ ಉತ್ತರ.

ಮೌನಾ ಕೇಯಾ ಶಿಖರವನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. 4,207 ಮೀಟರ್ ಎತ್ತರ. ಸಮುದ್ರಮಟ್ಟದಿಂದ ಎರಡೇ ಗಂಟೆಯಲ್ಲಿ ಕಾರಿನಲ್ಲಿ ಏರಿಬಿಡಬಹುದಾದ್ದರಿಂದಲೇ ಅಪಾಯ, ಏಕೆಂದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಹೃದ್ರೋಗಿಗಳೂ 13 ವರ್ಷದೊಳಗಿನ ಮಕ್ಕಳೂ 2,800 ಮೀಟರಿನಲ್ಲಿರುವ ಸಂದರ್ಶಕರ ಕೇಂದ್ರ ದಾಟಿ ಹೋಗಬಾರದೆಂದು ಅಲ್ಲಿಯವರೇ ಸಲಹೆ ಕೊಡುತ್ತಾರೆ, ಮುಂದಿನ ಕಡಿದಾದ ಮಣ್ಣುರಸ್ತೆಗೆ ನಾಲ್ಕು ಗಾಲಿಗೂ ಚಾಲನೆಯಿರುವ ವಾಹನವೇ ಬೇಕು. ನಿಮ್ಮ ಆರು ಜನರಲ್ಲಿ ಮೂವರಿಗೆ ಈ ಸಲಹೆ ನೇರವಾಗಿ ಅನ್ವಯಿಸುತ್ತದೆ. ಮಾವನವರ ವೈದ್ಯರು ಒಪ್ಪಿದರೆ ಆ ಕೇಂದ್ರದವರೆಗೆ, ಇಲ್ಲವಾದರೆ ಅಡ್ಡಹಾಯುವ ಹೆದ್ದಾರಿಯ ಪಕ್ಕ ಸುಮಾರು 2,000 ಮೀಟರ್ ಎತ್ತರದಲ್ಲಿರುವ ಸಾರ್ವಜನಿಕ ಉದ್ಯಾನದಲ್ಲಿ, ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ನಿಲ್ಲಿ. ನಕ್ಷತ್ರಗಳಿಗೆ ಅಷ್ಟು ಎತ್ತರ ಸಾಕು.

ವಾಲ್ಕೇನೋ ಹಳ್ಳಿಯಿಂದ ಕೋನಾಕ್ಕೆ ಹೋಗುವಾಗ ದಕ್ಷಿಣದ ರಸ್ತೆ ಹಿಡಿದರೆ ಪುನಾಲೂ ಎಂಬ ಕರಿಮರಳಿನ ತೀರದಲ್ಲಿ ಬಿಸಿಲು ಕಾಯಿಸುತ್ತ ಮಲಗಿರುವ ಹಸಿರು ಕಡಲಾಮೆಗಳು ಸಿಗುತ್ತವೆ. ಕನಿಷ್ಠ ಮೂರು ಮೀಟರ್ ದೂರ ನಿಲ್ಲಬೇಕು, ಮುಟ್ಟುವುದು ಅಪರಾಧ. ಕೋನಾದಲ್ಲಿ ಮಾವನವರ ದಿನವೊಂದಿರಲಿ. ಹುವಾಲಾಲಾಯಿ, ಮೌನಾ ಲೋವಾಗಳ ಪಶ್ಚಿಮ ಇಳಿಜಾರಿನ ಲಾವಾ ಮಣ್ಣಿನಲ್ಲಿ 1828ರಿಂದ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಎರಡು, ಮೂರು ಎಕರೆಯ ಮನೆತೋಟಗಳೇ ಹೆಚ್ಚು. ನಮ್ಮಲ್ಲಿಯ ಹಾಗೆ ಸಿಲ್ವರ್ ಓಕ್, ಮೆಣಸಿನ ಬಳ್ಳಿ, ನೆರಳಿನ ಮರಗಳು ಕಾಣದೆ ಅವರಿಗೆ ತೋಟ ಬೋಳೆನಿಸಬಹುದು. ಮಧ್ಯಾಹ್ನ ಕವಿಯುವ ಮೋಡವೇ ಅಲ್ಲಿ ನೆರಳು. ನಮ್ಮ ಹೂಮಳೆಯ ಕಾಲಕ್ಕೆ ಅಲ್ಲಿಯೂ ಹೂವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಿಡ ಬೆಳ್ಳಗಾಗುವುದನ್ನು ಅವರು ಕೋನಾದ ಹಿಮ ಎನ್ನುತ್ತಾರೆ. 2010ರಲ್ಲಿ ಕಾಯಿಕೊರಕ, 2020ರಲ್ಲಿ ಎಲೆತುಕ್ಕು ರೋಗ ಹವಾಯಿಗೆ ಬಂದವು. ಆ ವಿಷಯಕ್ಕೆ ಕೂತರೆ ನಿಮ್ಮ ಮಾವನವರನ್ನೂ ಅಲ್ಲಿನ ಬೆಳೆಗಾರರನ್ನೂ ಎಬ್ಬಿಸುವುದು ಕಷ್ಟವಾದೀತು. ಕೊಳ್ಳುವಾಗ ಶೇ. 100 ಕೋನಾ ಎಂದು ಬರೆದದ್ದನ್ನೇ ಕೊಳ್ಳಿ. ಮಿಶ್ರಣವೆಂದು ಮಾರುವ ಪೊಟ್ಟಣದಲ್ಲಿ ಶೇ. 10ರಷ್ಟು ಕೋನಾ ಬೀಜವಿದ್ದರೂ ಸಾಕೆಂಬ ನಿಯಮ ಅಲ್ಲಿ ಬಹಳ ವರ್ಷ ನಡೆದುಬಂದಿದೆ. ಹತ್ತಿರದ ಹೋನೌನೌವಿನಲ್ಲಿ, ಹಿಂದೆ ಕಟ್ಟಳೆ ಮುರಿದು ಓಡಿಬಂದವರಿಗೆ ಅಭಯ ಸಿಗುತ್ತಿದ್ದ ಪುಣ್ಯಸ್ಥಳವಿದೆ. ಗಾರೆಯಿಲ್ಲದೆ ಲಾವಾ ಕಲ್ಲನ್ನಷ್ಟೇ ಪೇರಿಸಿದ ಅದರ ಗೋಡೆಯ ಕೆಲಸಗಾರಿಕೆಯನ್ನು ಹತ್ತಿರದಿಂದ ನೋಡಿ. ಮಕ್ಕಳನ್ನು ನೀರಿಗಿಳಿಸುವಾಗ ಜೀವರಕ್ಷಕರಿರುವ ತೀರವನ್ನೇ ಆರಿಸಿಕೊಳ್ಳಿ. ಈ ದ್ವೀಪಗಳಲ್ಲಿ ಪ್ರವಾಸಿಗರ ಜೀವಕ್ಕೆ ಲಾವಾಕ್ಕಿಂತ ಸಮುದ್ರವೇ ಹೆಚ್ಚು ಅಪಾಯಕಾರಿ.

ಊಟದ ಚಿಂತೆ ಬೇಡ. ಅಕ್ಕಿ ಎಲ್ಲೆಡೆ ಸಿಗುತ್ತದೆ. ಅವರ ಮುಖ್ಯ ಆಹಾರಗಳಲ್ಲೊಂದಾದ ಟಾರೋ ನಮ್ಮ ಕೆಸುವಿನ ಗಡ್ಡೆಯೇ, ಸಂತೆಯಲ್ಲಿ ಸಿಗುವ ಉಲು ಎಂದರೆ ದೀವಿಹಲಸು. ಅತ್ತೆಯವರು ಬಾಡಿಗೆ ಮನೆಯಲ್ಲೇ ಪಲ್ಯ ಮಾಡಿಯಾರು. ಹಳ್ಳಿಯ ಹೋಟೆಲುಗಳು ಸಂಜೆ ಬೇಗ ಮುಚ್ಚುವುದರಿಂದ ದಿನಸಿಯನ್ನು ಬರುವ ದಾರಿಯಲ್ಲೇ ಕೊಂಡುಬಿಡಿ. ಹವಾಯಿಗೆ ಇಳಿಯುವಾಗ ಸೊಪ್ಪು, ಹಣ್ಣು, ಬೀಜ, ಗಿಡ ಏನಿದ್ದರೂ ಘೋಷಿಸಬೇಕು, ಹಿಂತಿರುಗುವಾಗಲೂ ಕೃಷಿ ಇಲಾಖೆಯವರು ಸಾಮಾನು ತಪಾಸಣೆ ಮಾಡುತ್ತಾರೆ. ಮಾವನವರು ಕಾಫಿಬೀಜವನ್ನೋ ಕಡ್ಡಿಯನ್ನೋ ಚೀಲಕ್ಕೆ ಸೇರಿಸದಂತೆ ಒಮ್ಮೆ ನೋಡಿಕೊಳ್ಳಿ. ಹುರಿದ ಕಾಫಿಗೆ ಅಡ್ಡಿಯಿಲ್ಲ. ಹವಾಯಿ ಅಮೆರಿಕದ್ದೇ ರಾಜ್ಯವಾದ್ದರಿಂದ ಅವರಿಬ್ಬರಿಗೆ ಬೇರೆ ವೀಸಾ ಬೇಡ, ಗುರುತಿಗೆ ಪಾಸ್‌ಪೋರ್ಟ್ ಜೊತೆಗಿರಲಿ.

ಇನ್ನೊಂದು ವಿಷಯವನ್ನು ಮೊದಲೇ ತೀರ್ಮಾನಿಸಿಟ್ಟುಕೊಳ್ಳಿ. ನಾಲ್ಕು ರಾತ್ರಿ ಸುಮ್ಮನಿದ್ದ ಕುಳಿ, ನೀವು ಕೋನಾಕ್ಕೆ ಇಳಿದ ಮೇಲೆ, ಐದನೆಯ ರಾತ್ರಿ ಚಿಮ್ಮತೊಡಗಬಹುದು. ಆಗ ಮಧ್ಯರಾತ್ರಿ ಎರಡಕ್ಕೆ ಹೊರಟರೆ ಬೆಳಕು ಹರಿಯುವ ಮುನ್ನ ಅಂಚಿನಲ್ಲಿರಬಹುದು, ಮಧ್ಯಾಹ್ನದೊಳಗೆ ಮರಳಬಹುದು. ಕಾರು ಓಡಿಸುವವರು ಅಂದು ಸಂಜೆ ಬೇಗ ಮಲಗಿರಬೇಕು. ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಬಹುದು. ಅತ್ತೆ, ಮಾವನವರನ್ನು ಎಬ್ಬಿಸಬೇಕೋ ಬೇಡವೋ ಎಂಬುದನ್ನು ಮಾತ್ರ ನೀವೇ ನಿರ್ಧರಿಸದೆ, ಹೊರಡುವ ಮುನ್ನವೇ ಅವರನ್ನು ಕೇಳಿಟ್ಟುಕೊಳ್ಳಿ.